ಮೈಲುತುತ್ತಕ್ಕೆ ಕಬ್ಬಿಣದ ಡ್ರಮ್ಮು ಬೇಡ

ಅಡಿಕೆಗೆ ಮೊದಲ ಔಷಧಿ ಹೊಡೆಯುವ ಕಾಲ ಹತ್ತಿರ ಬಂದಿರುವುದರಿಂದ ಸದಸ್ಯ ಬಾಂಧವರಲ್ಲಿ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಪ್ಲಾಸ್ಟಿಕ್ ಡ್ರಮ್ಮು ಒಡೆದುಹೋಗಿತ್ತು. ಕೊನೆಗಾರರು ಮರುದಿನವೇ ಬರುವವರಿದ್ದರು. ಡೀಸೆಲ್ ತಂದಿದ್ದ ಹಳೆಯ ಕಬ್ಬಿಣದ ಡ್ರಮ್ಮನ್ನೇ ತೊಳೆದು, ರಾತ್ರಿ ಅದರಲ್ಲಿ ಮೈಲುತುತ್ತ ನೆನೆಹಾಕಿದೆವು. ಬೆಳಿಗ್ಗೆ ನೋಡಿದರೆ ನೀಲಿ ನೀರು ಹಸಿರಿಗೆ ತಿರುಗಿತ್ತು, ಡ್ರಮ್ಮಿನ ಒಳಮೈಗೆಲ್ಲ ಕೆಂಪು ಲೇಪ. ಹೋಗಲಿ ಎಂದು ಅದಕ್ಕೇ ಸುಣ್ಣ ಬೆರೆಸಿ ಹೊಡೆಸಿದೆವು. ಆ ವರ್ಷ ಆ ಭಾಗದ ಗೊನೆಗಳಿಗೆ ಕೊಳೆ ಬಿತ್ತು. ಮಳೆಯೂ ಜೋರಾಗಿತ್ತು ನಿಜ, ಆದರೆ ಮಳೆಯ ಮೇಲೆ ಹಾಕಿ ನಾವು ತಪ್ಪಿಸಿಕೊಳ್ಳುವಂತಿಲ್ಲ.

ಆ ಕೆಂಪು ಲೇಪ ತುಕ್ಕಲ್ಲ, ತಾಮ್ರ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ನೀರಿನಲ್ಲಿ ಅದು ವಿದ್ಯುದಂಶ ಹೊತ್ತ ಅಯಾನುಗಳಾಗಿ ಕರಗಿರುತ್ತದೆ. ಕಬ್ಬಿಣವಾದರೋ ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಲೋಹ. ಕಬ್ಬಿಣದ ಒಂದೊಂದು ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗಿಳಿಯುತ್ತದೆ. ಅವನ್ನು ಪಡೆದ ತಾಮ್ರ ಲೋಹವಾಗಿ ಡ್ರಮ್ಮಿಗೆ ಅಂಟುತ್ತದೆ. ಸುಮಾರು 64 ಗ್ರಾಂ ತಾಮ್ರ ಅಂಟುವಷ್ಟರಲ್ಲಿ 56 ಗ್ರಾಂ ಕಬ್ಬಿಣ ಕರಗಿರುತ್ತದೆ. ಹಣ ಕೊಟ್ಟು ತಂದ ತಾಮ್ರ ಡ್ರಮ್ಮಿಗೆ, ಡ್ರಮ್ಮಿನ ಕಬ್ಬಿಣ ಗೊನೆಗೆ! ಕೊಳೆಯನ್ನು ತಡೆಯುವುದು ತಾಮ್ರವೇ ಹೊರತು ಕಬ್ಬಿಣವಲ್ಲ.

ಆಮೇಲೆ ಚೆನ್ನಾಗಿ ತೊಳೆದಿಟ್ಟರೆ ಸಾಲದೇ ಎಂದು ಸದಸ್ಯರೊಬ್ಬರು ಕೇಳಿದ್ದರು. ಸಾಲದು. ಅಂಟಿದ ತಾಮ್ರ ತೊಳೆದರೆ ಹೋಗುವುದಿಲ್ಲ. ಕಬ್ಬಿಣ, ತಾಮ್ರ, ಅವುಗಳ ಮೇಲೆ ಮಳೆಗಾಲದ ತೇವ ಸೇರಿದರೆ ಟಾರ್ಚಿನ ಬ್ಯಾಟರಿಯಂಥದೇ ಪುಟ್ಟ ಕೋಶಗಳಾಗುತ್ತವೆ. ಗಾಳಿಯ ಆಮ್ಲಜನಕ ತಾಮ್ರದ ಮೇಲೆ ಎಲೆಕ್ಟ್ರಾನುಗಳನ್ನು ಪಡೆಯುತ್ತಿದ್ದಂತೆ ಪಕ್ಕದ ಕಬ್ಬಿಣ ಸವೆಯುತ್ತದೆ. ನಮ್ಮ ಡ್ರಮ್ಮಿನ ತಳ ಮರುವರ್ಷವೇ ತೂತಾಯಿತು. ಸತು ಬಳಿದ ತಗಡಿನ ಬಕೆಟ್ಟೂ ಬೇಡ. ಸತು ಕಬ್ಬಿಣಕ್ಕಿಂತಲೂ ಮೊದಲೇ ಕರಗುತ್ತದೆ.

ಆದ್ದರಿಂದ ಪ್ಲಾಸ್ಟಿಕ್ ಅಥವಾ ಮರದ ಪಾತ್ರೆಯಲ್ಲೇ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ 1 ಕಿಲೋ ಒಳ್ಳೆಯ ಸುಣ್ಣವನ್ನು 50 ಲೀಟರಿನಲ್ಲಿ ಕದಡಿ, ಸೋಸಿಕೊಂಡು, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ತಿರುವುತ್ತಾ ಸುರಿಯಿರಿ. ಅದೇ ದಿನ ಹೊಡೆದು ಮುಗಿಸಿ.

ಸುಣ್ಣ ಸಾಕಾಯಿತೇ ಎಂದು ತಿಳಿಯಲು ಮಾತ್ರ ಕಬ್ಬಿಣ ಬೇಕು. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ನೋಡಿ. ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಳೆಯದನ್ನು ಸುಡುತ್ತದೆ ಎಂದರ್ಥ. ಕೆಂಪು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಕಾಫಿಗೆ ಹೊಡೆಯುವ ಅರ್ಧ ಪಾಲಿನ ದ್ರಾವಣಕ್ಕೂ ಇದೇ ಪರೀಕ್ಷೆ. ಕೆಂಪಾದ ಕತ್ತಿಯನ್ನು ಹಾಗೆಯೇ ಎತ್ತಿಡದೆ, ಮರಳಿನಲ್ಲಿ ಉಜ್ಜಿ, ಒರೆಸಿ, ಎಣ್ಣೆ ಸವರಿಡಿ.