ಹುರುಳಿಕಾಯಿಯ ಚಿಬ್ಬುರೋಗವೂ ಔಷಧನಿರೋಧವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹುರುಳಿಕಾಯಿ ಬೆಳೆಗಾರನು ಚಿಬ್ಬುರೋಗಕ್ಕೆ ಸಿಂಪಡಿಸಿದ ಔಷಧವು ಫಲಿಸದಿದ್ದಾಗ ಮತ್ತಷ್ಟು ಸಿಂಪಡಿಸುವುದುಂಟು. ಹಣವೂ ಹೋಯಿತು, ಕಾಯಿಯೂ ಉಳಿಯಲಿಲ್ಲ. ಔಷಧ ಕಲಬೆರಕೆಯದೋ, ಪ್ರಮಾಣ ತಪ್ಪಿತೋ, ಶಿಲೀಂಧ್ರವೇ ಮಾರ್ಪಟ್ಟಿತೋ ಎಂಬುದನ್ನು ಹೊಲದಲ್ಲಿ ನಿಂತು ನಿರ್ಣಯಿಸಲಾಗದು.

ಕಾರ್ಬೆಂಡಜಿಮ್ ಶಿಲೀಂಧ್ರದ ಬೀಟಾ-ಟ್ಯೂಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೋಶವಿಭಜನೆಯನ್ನು ತಡೆಯುತ್ತದೆ. ಆ ಪ್ರೋಟೀನಿನ 198ನೆಯ ಅಮೈನೋ ಆಮ್ಲವೊಂದು ಬದಲಾದರೂ ಸಾಕು, ಔಷಧಕ್ಕೆ ಹಿಡಿತ ದೊರೆಯದೆಂಬುದು ಹಲವು ಶಿಲೀಂಧ್ರಗಳಲ್ಲಿ ಸಿದ್ಧಪಟ್ಟಿದೆ. ಅಂತಹವು ಉಳಿದುಕೊಂಡು ಬೀಜದೊಡನೆ ಮುಂದಿನ ಬೆಳೆಗೂ ಸಾಗಬಲ್ಲವು.

ಆದಕಾರಣ ನಾವು ಮಚ್ಚೆಬಿದ್ದ ಕಾಯಿಗಳಿಂದ ಶಿಲೀಂಧ್ರವನ್ನು ಬೇರ್ಪಡಿಸಿ, ಔಷಧವನ್ನು ಏರುಪ್ರಮಾಣಗಳಲ್ಲಿ ಬೆರೆಸಿದ ಅಗರ್ ತಟ್ಟೆಗಳಲ್ಲಿ ಬೆಳೆಸಿ, ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವನ್ನು ಗೊತ್ತುಮಾಡುತ್ತೇವೆ. ಹೋಲಿಕೆಗೆ ಔಷಧವನ್ನೇ ಕಾಣದ ಹೊಲದ ಶಿಲೀಂಧ್ರವೂ ಬೇಕು. ಅದನ್ನು ಹುಡುಕುವುದೇ ದೊಡ್ಡ ತೊಡಕು. ವರ್ಷವರ್ಷವೂ ಈ ಪ್ರಮಾಣ ಏರುತ್ತಿದ್ದರೆ, ಶಿಲೀಂಧ್ರವನ್ನು ಹಲವೆಡೆ ಏಕಕಾಲಕ್ಕೆ ತಾಕುವ ಮ್ಯಾಂಕೋಜೆಬ್‌ನಂತಹ ಔಷಧಕ್ಕೆ ತಿರುಗಬೇಕಾಗುತ್ತದೆ.