ಜಪಾನಿನ ಸ್ವರಲಿಪಿ ವಯನಾಡಿಗೆ ಬರುವ ದಾರಿ

ಸುಲ್ತಾನ್ ಬತ್ತೇರಿಯಿಂದ ಮುತ್ತಂಗದ ಕಾಡು ದಾಟಿ ಗುಂಡ್ಲುಪೇಟೆಯ ಮಾರ್ಗವಾಗಿ ಸಾಗಿದರೆ ಮೈಸೂರು. ಅಲ್ಲಿನ ಅರಮನೆಯಲ್ಲಿ ಪಿಯಾನೋ ಸಂಗೀತಕ್ಕೆ ಮನಸೋತ ಅರಸರೊಬ್ಬರಿದ್ದರು. ಜಯಚಾಮರಾಜೇಂದ್ರ ಒಡೆಯರನ್ನು ನಾವು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ಬಲ್ಲೆವು. ಅದಕ್ಕೂ ಮೊದಲು ಅವರು ಪಿಯಾನೋ ವಿದ್ಯಾರ್ಥಿ. ಲಂಡನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಜಗತ್ತಿಗೆ ಕೇಳಿಸಬೇಕೆಂಬ ಹಂಬಲದಿಂದ 1940ರ ದಶಕದ ಕೊನೆಯಲ್ಲಿ ಅವರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಮೆಟ್ನರರೇ ನುಡಿಸಿದ ಧ್ವನಿಮುದ್ರಣಗಳಿಗೆ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಒಡೆಯರಿಗೆ ಅರ್ಪಿಸಿದರು.

ಬೊಕ್ಕಸವಿಲ್ಲದ ಮನೆಯ ಮಗುವೊಂದು ಇಂದು ಕಲ್ಪೆಟ್ಟದಲ್ಲಿ ಕುಳಿತು ಜಾಝ್ ಪಿಯಾನೋ ಕಲಿಯಬಯಸಿದರೆ ದಾರಿ ಯಾವುದು? ಮೆಟ್ನರ್ ತಮ್ಮ ಸಂಗೀತವನ್ನು ತಾವೇ ಬರೆದಿಟ್ಟರು. ಜಾಝ್ ವಾದಕರಾದರೋ ನಮ್ಮ ಮನೋಧರ್ಮ ಸಂಗೀತದಂತೆ ಆ ಕ್ಷಣಕ್ಕೆ ಹೊಳೆದುದನ್ನು ನುಡಿಸುತ್ತಾರೆ. ಅದನ್ನು ಮತ್ತೊಬ್ಬರು ಕಿವಿಗೊಟ್ಟು, ಸ್ವರಸ್ವರವಾಗಿ ಬರೆದಾಗ ಮಾತ್ರ ಪುಸ್ತಕವಾಗುತ್ತದೆ. ಈ ತಾಳ್ಮೆಯ ಕೆಲಸ ಜಪಾನಿನಲ್ಲಿ ಹೇರಳವಾಗಿ ನಡೆದಿದೆ. ಜಾಝ್ ಧ್ವನಿಮುದ್ರಿಕೆಗಳನ್ನು ಮೌನವಾಗಿ ಆಲಿಸುವುದಕ್ಕೆಂದೇ ಅಲ್ಲಿ ಕಾಫಿ ಅಂಗಡಿಗಳಿದ್ದವು, ಈಗಲೂ ಇವೆ. ಕಾಫಿ ಬೆಳೆಯುವ ನಮ್ಮ ನಾಡಿನಲ್ಲಿ ಅಂಥವು ಅಪರೂಪವೆಂಬುದು ಬೇರೆ ಮಾತು.

ಪುಸ್ತಕದೊಳಗಿನ ಸಂಗೀತ ಐದು ಗೆರೆಗಳ ಪಾಶ್ಚಾತ್ಯ ಲಿಪಿಯಲ್ಲೇ ಇರುವುದರಿಂದ ಜಪಾನೀ ಭಾಷೆ ತಿಳಿಯದವರೂ ನುಡಿಸಬಹುದು. ತೊಡಕಿರುವುದು ಹುಡುಕಾಟದಲ್ಲಿ. ಬಿಲ್ ಇವಾನ್ಸ್ ಎಂಬ ಅಮೆರಿಕದ ವಾದಕನ ಹೆಸರು ಜಪಾನೀ ಲಿಪಿಯನ್ನು ಸೇರುವಾಗ ‘ಬಿರು ಎವಾನ್ಸು’ ಆಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ ಇರುವ ಪುಸ್ತಕವೂ ಎಷ್ಟೋ ಸಲ ಕಾಣಿಸದು. ಮಲಯಾಳದ ಕಡತದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಹೊತ್ತಿರುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಕಿಪೀಡಿಯದಲ್ಲಿ ಆ ವಾದಕನ ಪುಟ ತೆರೆದು, ಅದರ ಜಪಾನೀ ಆವೃತ್ತಿಗೆ ಹೋಗಿ ಶೀರ್ಷಿಕೆಯನ್ನು ನಕಲಿಸಿಕೊಳ್ಳುವುದೇ ಸುಲಭೋಪಾಯ. ಅದರೊಂದಿಗೆ ಸ್ವರಲಿಪಿ ಎಂಬರ್ಥದ ‘ಗಕುಫು’ ಪದವನ್ನು ಜಪಾನೀ ಲಿಪಿಯಲ್ಲೇ ಸೇರಿಸಬೇಕು.

ಇನ್ನೊಂದು ಪದವನ್ನೂ ಗುರುತಿಟ್ಟುಕೊಳ್ಳುವುದು ಒಳಿತು: ‘ಕನ್ಜೆನ್ ಕೊಪೀ’, ಅಂದರೆ ಸಂಪೂರ್ಣ ನಕಲು. ವಾದಕ ನುಡಿಸಿದ್ದನ್ನೇ ಬರೆದ ಪುಸ್ತಕಗಳಿಗೆ ಈ ಹೆಸರು. ಅದೇ ವಾದಕನ ಚಿತ್ರ ಹೊತ್ತ ಬೇರೆ ಪುಸ್ತಕಗಳಲ್ಲಿ ಹಾಡುಗಳ ಸರಳ ರೂಪವಷ್ಟೇ ಇರಬಹುದು. ಮುಖಪುಟ ನೋಡಿ ಕೊಂಡರೆ ಹಣ ವ್ಯರ್ಥ.

ಜಪಾನಿನಲ್ಲಿ ಪ್ರಕಟವಾದ ಪುಸ್ತಕಗಳ ಐಎಸ್‌ಬಿಎನ್ ಸಂಖ್ಯೆ ಸಾಮಾನ್ಯವಾಗಿ 978-4 ಎಂದು ಆರಂಭವಾಗುತ್ತದೆ. ಆ ಸಂಖ್ಯೆ ಕೈಗೆ ಸಿಕ್ಕರೆ ಲಿಪಿಯ ತೊಡಕು ತೀರಿದಂತೆಯೇ. ಯಾವ ದೇಶದ ಮಾರಾಟಗಾರನಿಗೂ ಅದು ಅರ್ಥವಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಸಂಖ್ಯೆಯೇ ಇರದು. ಆಗ ಟೋಕಿಯೋದ ನ್ಯಾಷನಲ್ ಡಯಟ್ ಲೈಬ್ರರಿಯ ಗ್ರಂಥಸೂಚಿ ನೆರವಾಗುತ್ತದೆ. ಪ್ರಕಾಶಕರ ಹೆಸರು, ವರ್ಷ, ಪುಟಸಂಖ್ಯೆ ಅಲ್ಲಿ ಯಾರಿಗಾದರೂ ಉಚಿತವಾಗಿ ಲಭ್ಯ. ಅಚ್ಚು ನಿಂತ ಪುಸ್ತಕವಾದರೆ ಹಳೆಯ ಪುಸ್ತಕಗಳ ವ್ಯಾಪಾರಿಗಳನ್ನು ಕೇಳಬೇಕು. ಟೋಕಿಯೋದ ಜಿಂಬೋಚೋ ಬಡಾವಣೆ ಅಂಥ ಅಂಗಡಿಗಳಿಗೆ ಹೆಸರಾದದ್ದು.

ವಿದೇಶಕ್ಕೆ ಕಳುಹಿಸದ ಅಂಗಡಿಗಳೂ ಉಂಟು. ಕಳುಹಿಸುವವರಲ್ಲಿಯೂ ಅಂಚೆವೆಚ್ಚ ಪುಸ್ತಕದ ಬೆಲೆಯನ್ನು ಮೀರಬಹುದಾದ್ದರಿಂದ ಮೊದಲೇ ಒಟ್ಟು ಮೊತ್ತ ಕೇಳಿಕೊಳ್ಳಬೇಕು. ಜೊತೆಗೆ ಒಳಪುಟವೊಂದರ ಚಿತ್ರ ತರಿಸಿಕೊಂಡು, ಮೂಲ ಧ್ವನಿಮುದ್ರಿಕೆಯನ್ನು ಹಾಕಿ, ಮಗುವೇ ನಾಲ್ಕು ಸಾಲು ಹೋಲಿಸಿ ನೋಡಲಿ.