ಕೈಯಲ್ಲಿರುವುದೂ ನಮ್ಮದಾಗಿರುವುದೂ
ವಾಣಿಜ್ಯ ಮಹಾವಿದ್ಯಾಲಯದ ಮೊದಲ ಲೆಕ್ಕಶಾಸ್ತ್ರವನ್ನು ಕುರಿತು

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಮ್ಮ ವಿಜಯಪುರ ಜಿಲ್ಲೆಯ ಮನೆಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಚರ್ಚೆ ನಡೆಯುತ್ತದೆ. ಇಂಡಿ ತಾಲೂಕಿನ ಲಚ್ಯಾಣವನ್ನೇ ತೆಗೆದುಕೊಳ್ಳೋಣ. ಶ್ರೀ ಸಿದ್ಧಲಿಂಗ ಮಹಾರಾಜರ ಕಮರಿಮಠದಿಂದ ಭಕ್ತರಿಗೆ ಪರಿಚಿತವಾದ ಊರು. ಹೋಟಗಿ-ಗದಗ ರೈಲುಮಾರ್ಗದ ಒಂದು ನಿಲ್ದಾಣ. ಸುತ್ತಲೂ ಜೋಳ, ತೊಗರಿ, ಲಿಂಬೆ ಬೆಳೆಯುವ ನೆಲ. ಇಂಥ ಊರುಗಳಿಂದ ಹುಡುಗ ಹುಡುಗಿಯರು ಇಂಡಿಗೋ ವಿಜಯಪುರಕ್ಕೋ ಹೋಗಿ ಬಿ.ಕಾಂ. ತರಗತಿಗೆ ಸೇರುತ್ತಾರೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲೇರಿದ ಮೊದಲಿಗರು. ಅಲ್ಲಿ ಅವರಿಗೆ ಮೊದಲ ವರ್ಷವೇ ಎದುರಾಗುವ ವಿಷಯ ಹಣಕಾಸು ಲೆಕ್ಕಶಾಸ್ತ್ರ.

ಈ ವಿಷಯದಲ್ಲಿ ತೇರ್ಗಡೆಯಾಗದೆ ಓದನ್ನೇ ಬಿಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಹುಡುಗನಾದರೆ ಪುನಃ ಪರೀಕ್ಷೆಗೆ ಕಟ್ಟಿಸುತ್ತಾರೆ. ಹುಡುಗಿಯಾದರೆ “ಸಾಕು, ಇನ್ನು ಮನೆಯಲ್ಲಿರಲಿ” ಎಂಬ ಮಾತು ಬೇಗನೆ ಬರುತ್ತದೆ. ಆದ್ದರಿಂದ ಈ ವಿದ್ಯೆಯ ಮೊದಲ ತೊಡಕು ಎಲ್ಲಿದೆ, ಅದರ ತಿರುಳೇನು ಎಂಬುದನ್ನು ಪಾಲಕರೂ ತಿಳಿದಿರುವುದು ಒಳ್ಳೆಯದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಮಠದ ಉಗ್ರಾಣದ ಲೆಕ್ಕ ಬರೆಯುತ್ತ ಬೆಳೆದ ನಮಗೆ ಈ ಶಾಸ್ತ್ರ ಸಂಪೂರ್ಣ ಹೊರಗಿನದೆಂದು ಎಂದೂ ತೋರಿಲ್ಲ.

ಜಮಾ-ಖರ್ಚಿನ ತೊಡಕು

ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ವಿದ್ಯಾರ್ಥಿ ಎಡವುವುದು ಮೊದಲ ವಾರದಲ್ಲಿಯೇ. ಡೆಬಿಟ್ ಎಂದರೆ ಖರ್ಚು, ಕ್ರೆಡಿಟ್ ಎಂದರೆ ಜಮಾ ಎಂದು ಅವನಿಗೆ ಹೇಳಲಾಗುತ್ತದೆ. ಮರುಕ್ಷಣವೇ, ನಗದು ಒಳಗೆ ಬಂದಾಗ ನಗದು ಖಾತೆಯ ಡೆಬಿಟ್ ಬದಿಗೆ ಬರೆಯಬೇಕೆಂದು ಪ್ರಾಧ್ಯಾಪಕರು ಬೋಧಿಸುತ್ತಾರೆ. ಹಣ ಬಂದರೆ ಜಮಾ, ಹೋದರೆ ಖರ್ಚು ಎಂದು ಹುಟ್ಟಿದಂದಿನಿಂದ ಕೇಳಿದ ಹುಡುಗನಿಗೆ ಇದು ತಲೆಕೆಳಗಾಗಿ ಕಾಣುವುದು ಸಹಜ. ಅವನು ಕಾರಣವನ್ನು ಕೇಳುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡುತ್ತಾನೆ. ಬಾಯಿಪಾಠ ಮಾಡಿದ್ದು ಪರೀಕ್ಷೆಯಲ್ಲಿ ಕೈಕೊಡುತ್ತದೆ.

ವಾಸ್ತವದಲ್ಲಿ ಇಲ್ಲಿ ವಿರೋಧವೇ ಇಲ್ಲ. ನಮ್ಮ ಹಳೆಯ ಅಡತಿ ಅಂಗಡಿಗಳ ಕೀರ್ದಿಯನ್ನು ನೋಡಿರಿ. ಒಬ್ಬ ರೈತ ಬಂದು 500 ರೂಪಾಯಿ ಕೊಟ್ಟರೆ ಅದನ್ನು ಜಮಾ ಬದಿಗೆ ಬರೆಯುತ್ತಿದ್ದರು. ಯಾರಿಗೆ ಜಮಾ? ಅಂಗಡಿಯ ಪೆಟ್ಟಿಗೆಗಲ್ಲ, ಕೊಟ್ಟ ರೈತನ ಹೆಸರಿಗೆ. ಕೊಟ್ಟವನಿಗೆ ಜಮಾ ಎಂದಾಗ ಪಡೆದ ಪೆಟ್ಟಿಗೆಯ ಮೇಲೆ ಅಷ್ಟೇ ಹೊಣೆ ಬಿದ್ದಂತಾಯಿತು. ಆ ಹೊಣೆಯೇ ಡೆಬಿಟ್. ಹೀಗೆ ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖಗಳಿವೆ: ಕೊಡುವ ಮುಖ ಮತ್ತು ಪಡೆಯುವ ಮುಖ. ಎರಡನ್ನೂ ಬರೆದರೆ ಮಾತ್ರ ಲೆಕ್ಕ ಪೂರ್ಣ. ಇದನ್ನೇ ಜೋಡಿ ದಾಖಲೆಯ ಪದ್ಧತಿ ಎನ್ನುತ್ತಾರೆ.

ಬ್ಯಾಂಕಿನ ಪಾಸ್‌ಬುಕ್ಕೂ ಇಂಥದೇ ಗೊಂದಲ ಹುಟ್ಟಿಸುತ್ತದೆ. ನಾವು ತುಂಬಿದ ಹಣ ಅಲ್ಲಿ ಕ್ರೆಡಿಟ್ ಎಂದಿರುತ್ತದೆ. ನಮ್ಮದೇ ಲೆಕ್ಕದ ಪುಸ್ತಕದಲ್ಲಿ ಬ್ಯಾಂಕಿನ ಖಾತೆ ಡೆಬಿಟ್ ಆಗಿರುತ್ತದೆ. ಎರಡೂ ಸರಿ. ಪಾಸ್‌ಬುಕ್ಕು ಬ್ಯಾಂಕಿನ ಪುಸ್ತಕದ ಪ್ರತಿ. ಬ್ಯಾಂಕು ನಮಗೆ ಕೊಡಬೇಕಾದುದನ್ನು ಅದು ಹೇಳುತ್ತದೆ. ನಮ್ಮ ಪುಸ್ತಕ ನಮಗೆ ಬರಬೇಕಾದುದನ್ನು ಹೇಳುತ್ತದೆ. ಆದುದರಿಂದ ವಿದ್ಯಾರ್ಥಿಯು ಪ್ರತಿ ಸಲವೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾರ ಪುಸ್ತಕ? ಈ ಪ್ರಶ್ನೆಯನ್ನು ಬಿಡದೆ ಕೇಳುವವನಿಗೆ ಅರ್ಧ ಶಾಸ್ತ್ರ ತಿಳಿದಂತೆಯೇ.

ಸನ್ಯಾಸಿಯ ಗ್ರಂಥ, ಸಾಹುಕಾರರ ವಹಿ

ಈ ಪದ್ಧತಿಯನ್ನು ಮೊದಲು ಅಚ್ಚಿನ ಪುಸ್ತಕದಲ್ಲಿ ವಿವರವಾಗಿ ವಿವರಿಸಿದವನು ಇಟಲಿಯ ಲೂಕಾ ಪಾಚಿಯೋಲಿ. ಅವನು ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ, ಗಣಿತದ ಪಂಡಿತ. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಅವನ ಗಣಿತ ಗ್ರಂಥದ ಒಂದು ಭಾಗ ಲೆಕ್ಕ ಬರೆಯುವ ಕ್ರಮಕ್ಕೆ ಮೀಸಲಾಗಿತ್ತು. ಅವನು ಇದನ್ನು ಕಂಡುಹಿಡಿದವನಲ್ಲ. ವೆನಿಸ್ಸಿನ ವ್ಯಾಪಾರಿಗಳು ಆಗಲೇ ಅನುಸರಿಸುತ್ತಿದ್ದ ರೂಢಿಯನ್ನು ಶಾಸ್ತ್ರಬದ್ಧಗೊಳಿಸಿದವನು. ಮೂರು ಪುಸ್ತಕಗಳನ್ನಿಡಬೇಕೆಂದು ಅವನು ವಿಧಿಸಿದ: ಆದದ್ದನ್ನು ಆದಂತೆ ಗೀಚಿಕೊಳ್ಳುವ ಟಿಪ್ಪಣಿ, ದಿನವಾರು ಬರೆಯುವ ದಿನವಹಿ, ಹೆಸರುವಾರು ವಿಂಗಡಿಸುವ ಖಾತೆ.

ನಮ್ಮ ಭಾಗದ ಸಾಹುಕಾರರ ಅಂಗಡಿಗಳಲ್ಲಿಯೂ ಕಚ್ಚಾ ಖರ್ಡಿ, ಕೀರ್ದಿ, ಖತಾವಣಿ ಎಂದು ಮೂರು ವಹಿಗಳಿದ್ದವು. ಅದಕ್ಕೂ ಹಿಂದೆ, ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದು ಮಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿಗೆ ಪೂಜೆ ಮಾಡುವ ಪದ್ಧತಿಯನ್ನು ನಮ್ಮ ವಾಚಕರಲ್ಲಿ ಹಿರಿಯರು ಬಲ್ಲರು. ಕಾಲೇಜಿನಲ್ಲಿ ಜರ್ನಲ್, ಲೆಡ್ಜರ್ ಎಂಬ ಹೆಸರುಗಳನ್ನು ಕೇಳಿ ಬೆದರುವ ವಿದ್ಯಾರ್ಥಿಗೆ, ಅಜ್ಜನ ಅಟ್ಟದ ಮೇಲಿರುವ ಕೀರ್ದಿ-ಖತಾವಣಿಗಳ ಒಡಹುಟ್ಟಿದವೇ ಇವು ಎಂದು ಹೇಳುವವರು ಬೇಕು.

ಒಂದು ಲಿಂಬೆ ತೋಟದ ಲೆಕ್ಕ

ಈಗ ಈ ವಿದ್ಯೆಯ ತಿರುಳಿಗೆ ಬರೋಣ. ಅದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುತ್ತೇವೆ. ಅಂಕಿಗಳು ಎಣಿಕೆಯ ಸುಲಭಕ್ಕಾಗಿ ಮಾತ್ರ.

ಲಚ್ಯಾಣದ ಸೀಮೆಯ ಒಬ್ಬ ರೈತ ತನ್ನ ಲಿಂಬೆ ತೋಟಕ್ಕೆ 1,20,000 ರೂಪಾಯಿ ವೆಚ್ಚದಲ್ಲಿ ಕೊಳವೆಬಾವಿ ತೆಗೆಸಿದನೆನ್ನಿ. ಸ್ವಂತದ್ದು 40,000, ಬ್ಯಾಂಕಿನ ಸಾಲ 80,000. ಆ ವರ್ಷ 90,000 ರೂಪಾಯಿಯ ಲಿಂಬೆ ಮಾರಿದ. ಅದರಲ್ಲಿ 10,000 ಅಡತಿ ಅಂಗಡಿಯಲ್ಲಿಯೇ ಬಾಕಿ ಉಳಿಯಿತು. ಗೊಬ್ಬರ, ಆಳು, ಗಾಡಿ ಬಾಡಿಗೆ ಎಂದು 50,000 ಹೋಯಿತು. ಬಡ್ಡಿ 8,000 ಕಟ್ಟಿದ. ಸಾಲದ ಅಸಲಿನಲ್ಲಿ 20,000 ತೀರಿಸಿದ. ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು ಎರಡೇ ಸಾವಿರ.

“ವರ್ಷವಿಡೀ ದುಡಿದು ಎರಡು ಸಾವಿರವೇ?” ಎಂದು ಮನೆಯವರು ನಿಟ್ಟುಸಿರುಬಿಡುತ್ತಾರೆ. ಲೆಕ್ಕಶಾಸ್ತ್ರ ಓದಿದ ಮಗಳು ಬೇರೆ ರೀತಿಯಲ್ಲಿ ಬರೆಯುತ್ತಾಳೆ. ಬಾಕಿಯೂ ಸೇರಿ ಆದಾಯ 90,000. ಖರ್ಚು 50,000, ಬಡ್ಡಿ 8,000. ಕೊಳವೆಬಾವಿ ಹತ್ತು ವರ್ಷ ಬಾಳುವುದೆಂದು ಹಿಡಿದರೆ ಈ ವರ್ಷದ ಸವಕಳಿ 12,000. ಲಾಭ 20,000. ಇನ್ನುಳಿದ ಹದಿನೆಂಟು ಸಾವಿರ ಎಲ್ಲಿ ಹೋಯಿತೆಂದು ತಂದೆ ಕೇಳಿದರೆ ಅವಳಲ್ಲಿ ಉತ್ತರವಿದೆ: ಸಾಲ 20,000 ಇಳಿಯಿತು, ಅಡತಿಯಿಂದ 10,000 ಬರಬೇಕು, ಕೈಯಲ್ಲಿ 2,000 ಇದೆ; ಒಟ್ಟು 32,000. ಇದರಲ್ಲಿ ಕೊಳವೆಬಾವಿ ಸವೆದ 12,000 ಕಳೆದರೆ ಉಳಿಯುವುದು ಅದೇ 20,000.

ಎಚ್ಚರಿಕೆಯೂ ಇದೇ ಲೆಕ್ಕದಲ್ಲಿದೆ. ಮರುವರ್ಷ ಬರಗಾಲ ಬಂದು ಕೊಳವೆಬಾವಿ ಬತ್ತಿತೆನ್ನಿ. ಪುಸ್ತಕದಲ್ಲಿ 1,08,000 ಎಂದಿದ್ದ ಆಸ್ತಿ ಒಂದೇ ದಿನದಲ್ಲಿ ನಷ್ಟವಾಗುತ್ತದೆ. 60,000ದ ಸಾಲ ಮಾತ್ರ ಹಾಗೆಯೇ ನಿಲ್ಲುತ್ತದೆ. ನೀರು ಹೋಗುತ್ತದೆ, ಸಾಲ ಹೋಗುವುದಿಲ್ಲ. ಸಾಲದ ಹಣ ಕೈಗೆ ಬಂದ ದಿನ ಅದನ್ನು ಗಳಿಕೆಯಂತೆ ಕಂಡು ಮದುವೆ-ಮುಂಜಿಗೆ ಚೆಲ್ಲಿದ ಮನೆಗಳ ಗತಿ ಏನಾಗಿದೆ ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಕೈಯಲ್ಲಿರುವುದು ಬೇರೆ, ನಮ್ಮದಾಗಿರುವುದು ಬೇರೆ. ಮೊದಲ ವರ್ಷದ ಲೆಕ್ಕಶಾಸ್ತ್ರ ಕಲಿಸುವುದು ಮುಖ್ಯವಾಗಿ ಇಷ್ಟನ್ನೇ. ಅಂಗಡಿಯ ಮಾಲೀಕ ಹಾಕಿದ ಬಂಡವಾಳವನ್ನು ಅಂಗಡಿ ಅವನಿಗೆ ಕೊಡಬೇಕಾದ ಬಾಕಿಯೆಂದು ಬರೆಯುವುದರ ಮರ್ಮವೂ ಇದೇ. ಅಂಗಡಿ ಬೇರೆ, ಮಾಲೀಕ ಬೇರೆ.

ಈ ಶಾಸ್ತ್ರಕ್ಕೆ ಒಂದು ಮಿತಿಯೂ ಉಂಟು. ಹಣದಿಂದ ಅಳೆಯಲಾಗದುದನ್ನು ಅದು ಬರೆಯುವುದಿಲ್ಲ. ಮೇಲಿನ ತೋಟದಲ್ಲಿ ಬೆಳಗಿನ ಜಾವ ಎದ್ದು ಲಿಂಬೆ ಆಯ್ದ ತಾಯಿಯ ಕೂಲಿ ಎಲ್ಲಿಯೂ ದಾಖಲಾಗಿಲ್ಲ. ಅದನ್ನು ಹಿಡಿದರೆ ಆ 20,000 ಲಾಭವೇ ಅಲ್ಲ, ಅವಳ ಸಂಬಳವೂ ಪೂರ್ತಿ ಆಗದು. ಆ ತಾಯಿಯ ದುಡಿಮೆಯನ್ನು ಪುಸ್ತಕದ ಅಂಚಿನಲ್ಲಿಯಾದರೂ ಬರೆದಿಡುವ ಮಗಳು ಒಳ್ಳೆಯ ಲೆಕ್ಕಿಗಳಾಗುತ್ತಾಳೆ.

ತಾಳೆಯಾದರೆ ಸಾಲದು

ಎರಡೂ ಬದಿಯ ಮೊತ್ತ ಸರಿಹೊಂದಿದಾಗ ವಿದ್ಯಾರ್ಥಿಗಾಗುವ ಸಂತೋಷ ದೊಡ್ಡದು. ಆದರೆ ತಾಳೆಪಟ್ಟಿ ಕೂಡಿಬಂದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲವೆಂದು ಅದೇ ಪಠ್ಯ ಹೇಳುತ್ತದೆ. ಬರೆಯಲೇ ಇಲ್ಲದ ವ್ಯವಹಾರ ತಾಳೆಯನ್ನು ಕೆಡಿಸದು. ಆಸ್ತಿಗೆ ಬರೆಯಬೇಕಾದುದನ್ನು ವೆಚ್ಚಕ್ಕೆ ಬರೆದರೂ ತಾಳೆ ಕೂಡುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿದರೂ ಕೂಡುತ್ತದೆ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ತಮ್ಮ ಸಂಸ್ಥೆಯ ಅಢಾವೆ ಪತ್ರಿಕೆಯಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ಪತ್ರಿಕೆಯ ಎರಡೂ ಬದಿಗಳು ವರ್ಷವರ್ಷವೂ ಸರಿಯಾಗಿಯೇ ಕೂಡಿಬಂದಿದ್ದವು. ಈಗ ಗಣಕಯಂತ್ರದಲ್ಲಿ ಟ್ಯಾಲಿಯಂಥ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಮೊತ್ತ ಕೂಡಿಸುತ್ತವೆ. ಕೂಡಿಸುವ ಕೆಲಸ ಯಂತ್ರಕ್ಕೆ ಹೋಗಿದೆ. ಇದು ಆಸ್ತಿಯೋ ವೆಚ್ಚವೋ, ಬಂದೇ ಬರುವ ಬಾಕಿಯೋ ಮುಳುಗಿದ ಬಾಕಿಯೋ ಎಂದು ನಿರ್ಣಯಿಸುವ ಕೆಲಸ ಮನುಷ್ಯನಲ್ಲಿಯೇ ಉಳಿದಿದೆ. ಪುಸ್ತಕವಿಲ್ಲದೆ ತಂತ್ರಾಂಶವನ್ನಷ್ಟೇ ಕಲಿಯಬಯಸುವ ಮಕ್ಕಳಿಗೆ ಈ ಮಾತನ್ನು ತಿಳಿಹೇಳಬೇಕು.

ಕರಣಿಕರ ನಾಡು

ನಮ್ಮ ನೆಲಕ್ಕೆ ಇದು ಹೊಸ ವಿದ್ಯೆಯಲ್ಲ. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೇರಿದರೆಂದು ಪರಂಪರೆಯ ಚರಿತ್ರೆಗಳು ಹೇಳುತ್ತವೆ. ಭಂಡಾರದ ಹೊನ್ನನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಚಾಡಿಕೋರರು ದೂರಿದಾಗ, ರಾಜನೇ ಎಣಿಸಿ ನೋಡಲು ಒಂದು ಹಾಗವೂ ಕಡಿಮೆಯಾಗಿರಲಿಲ್ಲವೆಂಬ ಪ್ರಸಂಗ ನಮ್ಮ ಪುರಾಣಗಳಲ್ಲಿದೆ. ಕೈಯಲ್ಲಿ ರಾಜ್ಯದ ಭಂಡಾರವಿದ್ದರೂ ಅದು ತನ್ನದಲ್ಲವೆಂದು ಬಲ್ಲವನೇ ಭಂಡಾರಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಕಳುಹಿಸಿದ ಲಕ್ಕಮ್ಮನವರ ಕಥೆಯನ್ನು ಮಕ್ಕಳೂ ಬಲ್ಲರು.

ಇತ್ತೀಚಿನ ಶತಮಾನಕ್ಕೆ ಬಂದರೆ, 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೆ ಅಡಿಪಾಯ ಹಾಕಿದರು. ವಚನಗಳ ತಾಡೋಲೆಗಳನ್ನು ಅರಸಿ ಅಲೆದ ಅದೇ ಕೈಗಳು ವಿದ್ಯೆಗೂ ಸಾಲಕ್ಕೂ ಸಂಸ್ಥೆ ಕಟ್ಟಿದವು. ಇಂಥ ಸಂಘಗಳು ಇಂದು ಊರೂರಿಗೂ ಇವೆ. ಆದರೆ ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ ಓದಿದಾಗ ಸದಸ್ಯರು ಅರ್ಥವಾಗದೆಯೇ ಕೈ ಎತ್ತಿ ಮಂಜೂರು ಮಾಡುವುದನ್ನು ನಾವು ಅನೇಕ ಕಡೆ ನೋಡಿದ್ದೇವೆ. ಎದ್ದು ನಿಂತು “ಈ ಬಾಕಿ ಎಷ್ಟು ವರ್ಷದ್ದು?” ಎಂದು ಕೇಳಬಲ್ಲ ಒಬ್ಬ ಯುವಕನೋ ಯುವತಿಯೋ ಸಭೆಯಲ್ಲಿದ್ದರೆ ಇಡೀ ಊರಿನ ಠೇವಣಿಗೆ ಕಾವಲಿದ್ದಂತೆ.

ಪಾಲಕರಿಗೆ ಎರಡು ಮಾತು

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಸರಳವಾದುದು. ಪಠ್ಯದ ಲೆಕ್ಕಗಳನ್ನು ನೋಡಿ ಓದಬೇಡಿರಿ. ದಿನಕ್ಕೆ ಎರಡನ್ನಾದರೂ ಪೆನ್ನು ಹಿಡಿದು ಬಿಡಿಸಿರಿ. ನಮೂದಿನ ಕೆಳಗೆ ಬರೆಯುವ ಒಂದು ಸಾಲಿನ ವಿವರಣೆಯನ್ನು ಕನ್ನಡದಲ್ಲಿ ಮೊದಲು ಯೋಚಿಸಿರಿ. ಇಂಗ್ಲಿಷು ತಾನಾಗಿ ಹಿಂಬಾಲಿಸುತ್ತದೆ. ಮುಂದೆ ಸನ್ನದು ಲೆಕ್ಕಪರಿಶೋಧಕರಾಗುವ ಆಸೆಯುಳ್ಳವರಿಗೂ ಅಡಿಗಲ್ಲು ಇದೇ.

ಪಾಲಕರಲ್ಲಿ ನಮ್ಮ ವಿನಂತಿ ಬೇರೆ. ಅಡತಿಯ ಪಟ್ಟಿ, ಸಂಘದ ಪಾಸ್‌ಬುಕ್ಕು, ಸಾಲದ ನೋಟೀಸು ಇವನ್ನು ಮಕ್ಕಳಿಂದ ಮರೆಮಾಚಬೇಡಿರಿ. ಸಾಲವಿದೆಯೆಂಬುದು ಮಕ್ಕಳಿಗೆ ತಿಳಿದರೆ ಮಾನ ಹೋಗುವುದಿಲ್ಲ. ಕಾಲೇಜಿನಲ್ಲಿ ಊಹೆಯ ರಾಮ-ಶಾಮರ ಲೆಕ್ಕ ಬಿಡಿಸುವ ಮಗಳು ರಜೆಯಲ್ಲಿ ಬಂದಾಗ ಸ್ವಂತ ತೋಟದ ಲೆಕ್ಕ ಬರೆಯಲಿ. ಒಂದು ವಿಷಯದಲ್ಲಿ ಒಮ್ಮೆ ಅನುತ್ತೀರ್ಣಳಾದಳೆಂದು ಅವಳ ಓದನ್ನು ನಿಲ್ಲಿಸಬೇಡಿರಿ. ಅವಳನ್ನು ಕೂರಿಸಿಕೊಂಡು ಮಾರ್ಚ್ 31ರವರೆಗಿನ ಮನೆಯ ಬಾಕಿ-ಶಿಲ್ಕನ್ನು ಒಮ್ಮೆ ಬರೆಸಿ ನೋಡಿರಿ. ಅವಳಿಗೆ ಪಾಠ ತಿಳಿಯುತ್ತದೆ, ನಿಮಗೆ ಮನೆ ತಿಳಿಯುತ್ತದೆ.